ಬಾಲದ ಲೆಕ್ಕ

ಈ ದ್ವೀಪದಲ್ಲಿ ಕಾಗೆಗೆ ಬಾಯಾರಿದರೂ
ದೋಣಿಯ ದಾರಿ ಕಾಯಬೇಕು.
ನೆಲ ಅಗೆದರೆ ಉಪ್ಪು, ಗುಡ್ಡ ಕೆರೆದರೆ ಕುಂಕುಮದಂಥ ಮಣ್ಣು,
ಅದನ್ನೇ ಮೀನಿಗೆ ಹಚ್ಚಿ ಉಣ್ಣುತ್ತಾರೆ ಜನ.
ಸಿಹಿನೀರು ಬರುವುದು ಆಚೆ ದಡದಿಂದ, ತೊಗಲಚೀಲದಲ್ಲಿ.
ಮುತ್ತಿನ ಗಂಟಿಗಿಂತ ಮೆತ್ತಗೆ
ಇಳಿಸುತ್ತಾರೆ ಹಮಾಲರು.

ನಾನು ಮಾಚಣ್ಣ, ಭಟ್ಕಳ ಬಂದರಿನ ಸಾಹಣಿ,
ಅರಸರ ಲಾಯಕ್ಕೆ ಕುದುರೆ ಕೊಳ್ಳುವವನು.
ಹುರ್ಮುಜಿಗೆ ಇದು ಏಳನೆಯ ಸಲ.
ಹಲ್ಲು ನೋಡುತ್ತೇನೆ, ಗೊರಸು ತಟ್ಟುತ್ತೇನೆ, ಸುಳಿ ಎಣಿಸುತ್ತೇನೆ.
ಕಣ್ಣ ಕೆಳಗೆ ಸುಳಿಯಿದ್ದರೆ ಬೇಡ, ಅದು ಕಣ್ಣೀರ ಸುಳಿ.
ಸುಂಕದ ಕಟ್ಟೆಯಲ್ಲಿ ಕಾತಿಬ ಫರ್ರುಖ್‌ಜಾದ್ ಪ್ರತಿ ಸಲವೂ ನಗುತ್ತಾನೆ:
"ಸತ್ತ ಕುದುರೆಗೂ ಹೊನ್ನು ಕೊಡುವ ದೊರೆ
ಲೋಕದಲ್ಲಿ ನಿಮ್ಮವನೊಬ್ಬನೇ ಅಂತೆ?"

ಹೌದು. ನಡುಗಡಲಲ್ಲಿ ಸತ್ತರೆ
ಬಾಲ ಕೊಯ್ದು ತಂದು ತೋರಿಸಿದರೆ ಸಾಕು,
ಪೂರಾ ಬೆಲೆ ಎಣಿಸುತ್ತಾರೆ.
ಕಣ್ಣಾರೆ ಕಂಡಿದ್ದೇನೆ, ಭಟ್ಕಳದ ಕಟ್ಟೆಯ ಮೇಲೆ
ಸಾಲಾಗಿ ಉಪ್ಪು ಹಾಕಿದ ಹನ್ನೊಂದು ಬಾಲ.
ಅವುಗಳ ಮೇಲೇ ಕೂತಿದ್ದವು ನೊಣ.

ಹೋದ ವರ್ಷ ನನ್ನ ಹಡಗು ಹತ್ತಿದವನು ಸುಹೈಮ್,
ಕತೀಫಿನ ಕಡೆಯ ಹುಡುಗ, ಹದಿಮೂರೋ ಹದಿನಾಲ್ಕೋ.
ಎಪ್ಪತ್ತು ಕುದುರೆಗೆ ಹತ್ತು ಹುಡುಗರು.
ಒಣಮೀನು, ಖರ್ಜೂರ ಕಲಸಿ ತಿನ್ನಿಸುವುದು,
ಹಡಗು ಓಲಾಡಿದಾಗ ಕೊರಳು ತಬ್ಬಿ ನಿಲ್ಲುವುದು.
ಅವನು ತಬ್ಬಿದ್ದು ಒಂದನ್ನೇ: ಬೂದಿಬಣ್ಣದ ಗಂಡು,
ಬಲಗಿವಿ ತುಸು ಸೀಳಿದ್ದು.
ಒಂದು ಸುಳಿಯೂ ತಪ್ಪಿರಲಿಲ್ಲ ಅದರ ಮೈಮೇಲೆ.
ತನ್ನ ಪಾಲಿನ ನೀರಲ್ಲಿ ಅರ್ಧ ಅದಕ್ಕೆ ಕುಡಿಸುತ್ತಿದ್ದ.
ನೋಡಿಯೂ ನಾನು ಗದರಲಿಲ್ಲ,
ಕುದುರೆಗೆ ಒಳ್ಳೆಯದೇ ಆಗುತ್ತಿತ್ತಲ್ಲ.

ಹದಿನೇಳನೆಯ ರಾತ್ರಿ ಗಾಳಿ ತಿರುಗಿತು.
ಬೆಳಗಾದಾಗ ಕುದುರೆ ಎಪ್ಪತ್ತೂ ಇದ್ದವು.
ಹುಡುಗರನ್ನು ಯಾರೂ ಎಣಿಸಿರಲಿಲ್ಲ.
ಬೂದಿಗಂಡು ಕೆನೆಯಿತು, ಕೆನೆಯುತ್ತಲೇ ಇತ್ತು.
ಆಮೇಲೆ ಎಣಿಸಿದೆವು.

ಏನನ್ನು ಕೊಯ್ದು ತರಲಿ?
ಯಾವ ಕಟ್ಟೆಯ ಮೇಲಿಟ್ಟು ಯಾರಿಗೆ ತೋರಿಸಲಿ?

ಈ ಸಲ ಹಡಗು ಇಳಿದವನೇ ಅವನ ತಾಯಿಯನ್ನು ಹುಡುಕಿದೆ.
ಲುಬಾಬಾ, ಮುತ್ತಿಗೆ ಮುಳುಗಿ ಸತ್ತವನ ಹೆಂಡತಿ,
ಮಸೀದಿಯ ಹಿಂದಿನ ಓಣಿಯಲ್ಲಿ ನೀರು ಮಾರುತ್ತಾಳೆ.
ನನ್ನ ಹರಕು ಅರಬಿಯಲ್ಲಿ ಹೇಳಿದೆ. ಹೇಳಿ ಮುಗಿಸಿದೆನೋ ಇಲ್ಲವೋ,
ಗಿಂಡಿ ಎತ್ತಿ ಅಳೆದಳು, ಕುಡಿ ಎಂದಳು.
ಕುಡಿದೆ. ಕಾಸು ಚಾಚಿದೆ. ತೆಗೆದುಕೊಂಡಳು.
ಚಿಲ್ಲರೆ ಎಣಿಸಿ ವಾಪಸು ಕೊಟ್ಟಳು.
ಆಮೇಲೆ ಕೇಳಿದಳು, "ಕುದುರೆ ಬದುಕಿತೆ?"
"ಬದುಕಿತು."
"ಗಾಳಿಗೆ ಕಾದ ಮೂರು ತಿಂಗಳೂ ಲಾಯದಲ್ಲೇ ಮಲಗುತ್ತಿದ್ದ.
ಗದೀರ್ ಅಂತ ಹೆಸರಿಟ್ಟಿದ್ದ ಅದಕ್ಕೆ.
ನೆರೆ ಇಳಿದ ಮೇಲೆ ಹಳ್ಳದ ಗುಳಿಯಲ್ಲಿ ಉಳಿಯುವ ನೀರು."

ಕಾತಿಬನಿಗೆ ಹೇಳಿದೆ, ಹೋದ ವರ್ಷದ ಪುಟ ತೆಗೆ, ಬರೆದುಕೋ.
ಅವನು ಕಾಗದ ತಿರುವಿ ಬೆರಳಿಟ್ಟು ತೋರಿಸಿದ:
ಬಣ್ಣ, ವಯಸ್ಸು, ಗುರುತು, ಬೆಲೆ, ಸುಂಕ.
ಈ ಸಲ ನಗಲಿಲ್ಲ.
"ಹೆಸರಿಗೆ ಜಾಗವಿಲ್ಲ, ಸಾಹಣಿ."

ನನ್ನ ಕಡತ ಬಿಚ್ಚಿದೆ.
ಹುಣಸೆಬೀಜದ ಅಂಟು, ಇದ್ದಿಲು ಬಳಿದ ಕರಿಬಟ್ಟೆ,
ಉಪ್ಪುಗಾಳಿಗೆ ಮಡಿಕೆ ಮಡಿಕೆಯೂ ಬಿರಿದಿದೆ.
ಬಳಪದಲ್ಲಿ ಬರೆದೆ, ಇಲ್ಲಿ ಯಾರೂ ಓದದ ಅಕ್ಷರದಲ್ಲಿ:
ಗದೀರ. ಬೂದಿಗಂಡು. ಸುಹೈಮನದು.

ವಿಜಯನಗರದಲ್ಲಿ ಅದಕ್ಕೀಗ ಬೇರೆ ಹೆಸರು, ಬೇರೆ ಜೀನು,
ಯಾವ ರಾವುತನನ್ನು ಹೊತ್ತು ಯಾವ ದಂಡಿಗೆ ಹೋಯಿತೋ.
ಬಳಪ, ಅಂಗೈಯಲ್ಲಿ ಒರೆಸಿದರೆ ಹೋಗುತ್ತದೆ. ಗೊತ್ತು.
ಕಡತ ಮಡಚುವಾಗ ಆ ಒಂದು ಮಗ್ಗುಲನ್ನು
ಒಳಮುಖ ಮಾಡಿದೆ.
ಹೊರಗೆ ನೀರಿನ ದೋಣಿ ಬಂದಿತ್ತು,
ಕೊಡ ಹಿಡಿದು ಜನ ಕೂಗುತ್ತಿದ್ದರು.